ಹಳೇ ಪಿಕಾಸಾ, ಐಟ್ಯೂನ್ಸ್‌ನಿಂದ ಹೊಸ ಲ್ಯಾಪ್‌ಟಾಪಿಗೆ: ಫೋಟೋ ಜತೆ ಹೆಸರುಗಳೂ ಬರಬೇಕು, ದಾರಿ ಹೇಳಿ

ದ್ವಾರಸಮುದ್ರ, ಹಾಸನ

ಎಲ್ಲರಿಗೂ ನಮಸ್ಕಾರ. ಮನೆಗೆ ವಿಂಡೋಸ್ 11ರ ಹೊಸ ಲ್ಯಾಪ್‌ಟಾಪ್ ತಂದಿದ್ದೇವೆ. ಹಳೇ ಡೆಸ್ಕ್‌ಟಾಪ್ ವಿಂಡೋಸ್ 7ರದ್ದು, ಈಚೆಗೆ ತುಂಬಾ ನಿಧಾನ ಆಗಿದೆ, ಒಳಗಿಂದ ಒಮ್ಮೊಮ್ಮೆ ಸದ್ದೂ ಬರುತ್ತೆ. ಅದರಲ್ಲಿರೋ ಫೋಟೋ, ಹಾಡು ಎಲ್ಲಾ ಹೊಸದಕ್ಕೆ ಸಾಗಿಸಬೇಕು.

ಫೋಟೋ ಸುಮಾರು 380 ಜಿಬಿ. 2006ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋಗೋ ಮುಂಚೆ ಕೊಂಡ ಮೊದಲ ಡಿಜಿಟಲ್ ಕ್ಯಾಮೆರಾದಿಂದ ಹಿಡಿದು ಮೊನ್ನೆಯ ಹಾಸನಾಂಬ ಜಾತ್ರೆವರೆಗೆ ಇದೆ. ಇದರ ಜತೆ ಮನೆಯ ಹಳೇ ಆಲ್ಬಂಗಳನ್ನೆಲ್ಲ ಸ್ಕ್ಯಾನ್ ಮಾಡಿ ಹಾಕಿದ್ದೇವೆ. ನಮಗೆ ಮುಖ್ಯವಾದ್ದು ಇವು. ಅಪ್ಪ ಕೂತು ಪಿಕಾಸಾ ಅನ್ನೋ ಗೂಗಲ್‌ನ ಹಳೇ ಫೋಟೋ ತಂತ್ರಾಂಶದಲ್ಲಿ ಒಂದೊಂದು ಮುಖಕ್ಕೂ ಹೆಸರು ಹಾಕಿದ್ದಾರೆ. ಬೇಲೂರು, ಜಾವಗಲ್, ಅರಸೀಕೆರೆ ಕಡೆ ನೆಂಟರು, ಅವರಲ್ಲಿ ಅರ್ಧಕ್ಕರ್ಧ ಜನ ಈಗಿಲ್ಲ. ಯಾರು ಯಾರು ಅಂತ ಅಪ್ಪನ ಬಿಟ್ಟರೆ ಹೇಳೋರಿಲ್ಲ. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ, ಇನ್ನೊಂದು ಸಲ ಮೊದಲಿಂದ ಹಾಕಿಸೋಕೆ ಆಗಲ್ಲ.

ಹಾಡು ಐಟ್ಯೂನ್ಸ್ ಅನ್ನೋ ಆಪಲ್‌ನ ಹಾಡಿನ ತಂತ್ರಾಂಶದಲ್ಲಿದೆ. ಸಿಡಿಯಿಂದ ಇಳಿಸಿಕೊಂಡ ಭಾವಗೀತೆ, ದೇವರನಾಮದ ಜತೆ ಅಜ್ಜಿ ಮತ್ತು ಅವರ ತಂಗಿಯರು ಮದುವೆಗಳಲ್ಲಿ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ಟನ್ನೂ ಕಂಪ್ಯೂಟರಿಗೆ ಹಾಕಿದ್ದೇವೆ. ಅರಿಶಿನ ಹಚ್ಚುವಾಗ ಒಂದು, ಧಾರೆಗೆ ಒಂದು, ಹೆಣ್ಣೊಪ್ಪಿಸುವಾಗ ಒಂದು ಅಂತ ಶಾಸ್ತ್ರದ ಕ್ರಮದಲ್ಲೇ ಪ್ಲೇಲಿಸ್ಟ್ ಮಾಡಿಟ್ಟಿದೆ. ಆ ಕ್ರಮ ಕೆಡಬಾರದು.

ಕಾಪಿ ಪೇಸ್ಟ್ ಮಾಡಿದ್ರೆ ಸಾಕು ಅಂತ ಹೇಳೋರು ಹೇಳಿದ್ರು. ಒಂದು ಫೋಲ್ಡರ್ ಪೆನ್‌ಡ್ರೈವಲ್ಲಿ ತಂದು ನೋಡಿದೆ. ಫೋಟೋ ಬಂತು, ಹೆಸರು ಒಂದೂ ಬರಲಿಲ್ಲ. ಅದಕ್ಕೇ ಮುಂದುವರಿಯದೆ ಇಲ್ಲಿ ಕೇಳ್ತಿದ್ದೇನೆ.

ರಿಪೇರಿಮೇಜು, ಹಾಸನ

ಸಾರ್, ಹೆಸರಿನ ವಿಷಯ ಆಮೇಲೆ. ಮೊದಲು ಆ ಸದ್ದು. ಟಕ್ ಟಕ್ ಅಂತ ಒಂದೇ ಲಯದಲ್ಲಿ ಬರ್ತಾ ಇದ್ರೆ, ಅಥವಾ ಡಿಸ್ಕ್ ಮಧ್ಯೆ ಮಧ್ಯೆ ಕಾಣೆಯಾಗ್ತಾ ಇದ್ರೆ, ಈಗಲೇ ಆಫ್ ಮಾಡಿ. ಅಂಥ ಡಿಸ್ಕನ್ನ ಓಡಿಸಿದಷ್ಟೂ ಹಾಳಾಗುತ್ತೆ. ಬರೀ ಫ್ಯಾನಿನ ಸದ್ದಾದ್ರೆ ಭಯ ಇಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ತಂತ್ರಾಂಶ ಹಾಕಿ ನೋಡಿ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಂಡಿರುತ್ತೆ, ಇದು ಅದನ್ನ ಓದಿ ತೋರಿಸುತ್ತೆ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಕೊಟ್ಟ ಜಾಗ), ಪೆಂಡಿಂಗ್ ಸೆಕ್ಟರ್ (ಕೆಟ್ಟಿರಬಹುದಾದ ಜಾಗ) ಎರಡೂ ಸೊನ್ನೆ ಇದ್ರೆ ನೆಮ್ಮದಿ. ಎಚ್ಚರಿಕೆಯ ಹಳದಿ ಬಣ್ಣ ಬಂದ್ರೆ ಬೇರೆ ಕೆಲಸಕ್ಕೆಲ್ಲ ಕೈ ಹಾಕದೆ ಒಂದು ಪೂರ್ತಿ ನಕಲು ತೆಗೆದುಕೊಂಡುಬಿಡಿ.

ಹಳದಿ ಬರದಿದ್ರೂ ಪೂರ್ತಿ ನಕಲು ಮೊದಲು ಆಗ್ಲಿ. 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ತಗೊಂಡು ಇದ್ದದ್ದು ಇದ್ದ ಹಾಗೇ ಹಾಕಿ, ಪಕ್ಕಕ್ಕಿಡಿ. ಅದನ್ನ ಮುಟ್ಟೋ ಹಾಗಿಲ್ಲ. ಇಲ್ಲಿ ಯಾರು ಏನೇ ಉಪಾಯ ಹೇಳಿದ್ರೂ ಅದಾದ ಮೇಲೆ ಮಾಡಿ.

ಸಮಯದ ಅಂದಾಜು ಹೇಳ್ತೀನಿ. ಹಳೇ ಮೆಷಿನ್‌ನಲ್ಲಿ ಯುಎಸ್‌ಬಿ 2.0 ಇರುತ್ತೆ, ನಿಜವಾಗಿ ಸಿಗೋದು ಸೆಕೆಂಡಿಗೆ 30 ಎಂಬಿ ಆಸುಪಾಸು. 380 ಜಿಬಿಗೆ ಮೂರೂವರೆ ಗಂಟೆ. ಚಿಕ್ಕ ಚಿಕ್ಕ ಫೈಲ್ ಜಾಸ್ತಿ ಇದ್ರೆ ಇನ್ನೂ ಹೊತ್ತು. ಡಿಸ್ಕನ್ನೇ ಬಿಚ್ಚಿ ಸಾಟಾ-ಯುಎಸ್‌ಬಿ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಹಾಕಿದ್ರೆ ಸುಮಾರು ಒಂದು ಗಂಟೆಯಲ್ಲಿ ಮುಗಿಯಬಹುದು. ಡೆಸ್ಕ್‌ಟಾಪ್ ಡಿಸ್ಕ್ ಮೂರೂವರೆ ಇಂಚಿನದು, ಅದಕ್ಕೆ 12 ವೋಲ್ಟ್ ಅಡಾಪ್ಟರ್ ಬೇರೆಯಾಗಿ ಬೇಕು, ಬರೀ ಯುಎಸ್‌ಬಿ ಕರೆಂಟ್ ಸಾಲಲ್ಲ. ಕೇಬಲ್ ಕೊಳ್ಳುವಾಗ ಕೇಳಿ.

ಏಲಕ್ಕಿಬನ, ಮೂಡಿಗೆರೆ

ಮೇಲಿನವರು ಹೇಳಿದ ಮೊದಲ ನಕಲು ಖಂಡಿತ ಆಗಬೇಕು. ಆಮೇಲೆ ಪಿಕಾಸಾ. ತೋಟದ ಮನೆಯ ಫೋಟೋಗಳನ್ನು ಇದೇ ದಾರಿಯಲ್ಲಿ ಹೊರಗೆ ತಂದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗೂಗಲ್‌ನವರು 2016ರ ಮಾರ್ಚಿನಲ್ಲಿ ಪಿಕಾಸಾ ನಿಲ್ಲಿಸಿದರು. ತಂತ್ರಾಂಶ ಇದ್ದವರಲ್ಲಿ ಈಗಲೂ ಓಡುತ್ತದೆ, ಹೊಸ ಆವೃತ್ತಿ ಮಾತ್ರ ಇಲ್ಲ. ನಿಮ್ಮ ತಂದೆಯವರು ಹಾಕಿದ ಹೆಸರು ಫೋಟೋ ಫೈಲಿನ ಒಳಗೆ ಇಲ್ಲದೇ ಇರಬಹುದು. ಪಿಕಾಸಾ ಅದನ್ನು ಎರಡು ಕಡೆ ಇಡುತ್ತದೆ. ಪ್ರತಿ ಫೋಲ್ಡರಿನಲ್ಲೂ ಪಿಕಾಸಾ ಡಾಟ್ ಐಎನ್‌ಐ ಅನ್ನುವ ಅಡಗಿದ ಫೈಲ್ ಇರುತ್ತದೆ. ಯಾವ ಫೋಟೋದಲ್ಲಿ ಯಾವ ಜಾಗದಲ್ಲಿ ಮುಖ ಇದೆ, ಅದು ಯಾವ ಸಂಖ್ಯೆಯ ವ್ಯಕ್ತಿ ಅನ್ನುವುದು ಅಲ್ಲಿದೆ. ಆ ಸಂಖ್ಯೆ ಯಾರು ಅನ್ನುವ ಪಟ್ಟಿ ಇರುವುದು ಬೇರೆ ಕಡೆ. ನಿಮ್ಮ ಯೂಸರ್ ಫೋಲ್ಡರಿನ ಆಪ್‌ಡೇಟಾ, ಲೋಕಲ್, ಗೂಗಲ್, ಪಿಕಾಸಾ2 ಒಳಗೆ ಕಾಂಟ್ಯಾಕ್ಟ್ಸ್ ಅನ್ನುವ ಎಕ್ಸ್‌ಎಂಎಲ್ ಫೈಲಿನಲ್ಲಿ. ನೀವು ಪೆನ್‌ಡ್ರೈವಿಗೆ ತಂದದ್ದು ಫೋಟೋ ಫೋಲ್ಡರ್ ಮಾತ್ರ, ಹೆಸರಿನ ಪಟ್ಟಿ ಹಳೇ ಮೆಷಿನ್‌ನಲ್ಲೇ ಉಳಿಯಿತು. ಮೊದಲ ನಕಲು ತೆಗೆಯುವಾಗ ಈ ಗೂಗಲ್ ಫೋಲ್ಡರನ್ನೂ ಸೇರಿಸಿ. ಅಡಗಿದ ಫೈಲ್ ಕಾಣುವ ಹಾಗೆ ಮಾಡಿಕೊಂಡು ಹುಡುಕಿ, ಇಲ್ಲದಿದ್ದರೆ ಆಪ್‌ಡೇಟಾ ಕಣ್ಣಿಗೇ ಬೀಳುವುದಿಲ್ಲ.

ಈಗ ಮಾಡಬೇಕಾದ್ದು ಹೆಸರನ್ನು ಪ್ರತಿ ಫೋಟೋದ ಒಳಗೇ ಬರೆಸುವುದು. ಪಿಕಾಸಾ 3.9ರಲ್ಲಿ ಟೂಲ್ಸ್ ಮೆನು, ಆಪ್ಷನ್ಸ್, ನೇಮ್ ಟ್ಯಾಗ್ಸ್‌ಗೆ ಹೋದರೆ ಹೆಸರನ್ನು ಫೋಟೋದಲ್ಲಿ ಉಳಿಸು ಅನ್ನುವ ಗುರುತಿನ ಚೌಕ ಇದೆ, ಅದಕ್ಕೆ ಗುರುತು ಹಾಕಿ. ಅದು ಮುಂದೆ ಹಾಕುವ ಹೆಸರಿಗೆ. ಈಗಾಗಲೇ ಹಾಕಿರುವುದಕ್ಕೆ ಟೂಲ್ಸ್ ಮೆನುವಿನ ಎಕ್ಸ್‌ಪೆರಿಮೆಂಟಲ್ ಅಡಿಯಲ್ಲಿ ಮುಖಗಳನ್ನು ಎಕ್ಸ್‌ಎಂಪಿಗೆ ಬರೆ ಅನ್ನುವ ಆಯ್ಕೆ ಇದೆ. ಎಕ್ಸ್‌ಎಂಪಿ ಅಂದರೆ ಫೋಟೋ ಫೈಲಿನ ಒಳಗೇ ಹೆಸರು, ಟಿಪ್ಪಣಿ ಇಡುವ ಜಾಗ, ಎಲ್ಲ ತಂತ್ರಾಂಶಗಳಿಗೂ ಸಾಮಾನ್ಯವಾದ್ದು. ಒಮ್ಮೆ ಅಲ್ಲಿ ಕೂತರೆ ಹೆಸರು ಫೋಟೋ ಎಲ್ಲಿಗೆ ಹೋದರೂ ಜತೆಗೇ ಹೋಗುತ್ತದೆ. ಇಡೀ ಲೈಬ್ರರಿಗೆ ಒಟ್ಟಿಗೆ ಹೊಡೆಯಬೇಡಿ. ಒಂದು ಚಿಕ್ಕ ಫೋಲ್ಡರಿಗೆ ಮಾಡಿ, ಹೊಸ ಲ್ಯಾಪ್‌ಟಾಪಿಗೆ ತಂದು ನೋಡಿ, ಸರಿ ಬಂದರೆ ಮುಂದೆ.

ಹೊಸದರಲ್ಲಿ ನೋಡುವುದಕ್ಕೆ ಡಿಜಿಕ್ಯಾಮ್ ಹಾಕಿಕೊಳ್ಳಿ. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಪಿಕಾಸಾ ಬರೆದ ಮುಖದ ಚೌಕಗಳನ್ನು ಅದು ಓದುತ್ತದೆ. ಸೆಟ್ಟಿಂಗಿನ ಮೆಟಾಡೇಟಾ ಪುಟದಲ್ಲಿ ಮುಖದ ಹೆಸರನ್ನು ಫೈಲಿನಲ್ಲಿ ಬರೆಯುವ ಆಯ್ಕೆಯನ್ನು ಶುರುವಿನಲ್ಲೇ ಆನ್ ಮಾಡಿ. ಇಲ್ಲದಿದ್ದರೆ ಇನ್ನು ಹಾಕುವ ಹೆಸರುಗಳು ಅದರ ಡೇಟಾಬೇಸಿನಲ್ಲೇ ಕೂತು, ಹತ್ತು ವರ್ಷ ಬಿಟ್ಟು ಮುಂದಿನ ಕಂಪ್ಯೂಟರ್ ಬಂದಾಗ ಮತ್ತೆ ಇದೇ ಪಾಡು.

ಹಸಿರುಗಿರಿ, ಚಿಕ್ಕಮಗಳೂರು

ಇಷ್ಟೆಲ್ಲ ಯಾಕೆ, ಎಲ್ಲಾ ಗೂಗಲ್ ಫೋಟೋಸ್‌ಗೆ ಏರಿಸಿ ಬಿಡಿ. ಮುಖ ಅದೇ ಗುರುತು ಹಿಡಿಯುತ್ತೆ.

ಏಲಕ್ಕಿಬನ, ಮೂಡಿಗೆರೆ

ಉಚಿತ ಜಾಗ 15 ಜಿಬಿ, ಅದೂ ಮೇಲ್ ಜತೆ ಹಂಚಿಕೊಂಡು. ಮಿತಿಯಿಲ್ಲದೆ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು. ದುಡ್ಡು ಕೊಟ್ಟರೂ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ 380 ಜಿಬಿಗೆ ನಲವತ್ತೆರಡು ಗಂಟೆ ಬಿಡದೆ ಓಡಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟೇ ಇರುವುದಿಲ್ಲ. ಇನ್ನು, ಮುಖ ಗುರುತು ಹಿಡಿಯುವುದು ಬೇರೆ, ಹೆಸರು ಗೊತ್ತಿರುವುದು ಬೇರೆ. ಇಬ್ಬರೂ ಒಂದೇ ವ್ಯಕ್ತಿ ಅಂತ ಯಂತ್ರ ಹೇಳೀತು, ಅವರು ಜಾವಗಲ್ಲಿನ ಸೋದರತ್ತೆ ಅಂತ ಅದಕ್ಕೆ ಹೇಳಬೇಕಾದವರು ಇವರ ತಂದೆಯೇ. ಮೂರನೇ ನಕಲಾಗಿ ಕ್ಲೌಡ್ ಇರಲಿ, ನನ್ನ ತಕರಾರಿಲ್ಲ. ಇರುವ ಒಂದೇ ನಕಲು ಅದಾಗಬಾರದು.

ಹಸಿರುಗಿರಿ, ಚಿಕ್ಕಮಗಳೂರು

ಒಪ್ಪಿದೆ ಮೇಡಂ. ಹೆಸರಿನ ವಿಷಯ ನಾನು ಯೋಚಿಸಿರಲಿಲ್ಲ.

ದ್ವಾರಸಮುದ್ರ, ಹಾಸನ

ಮೇಡಂ, ತುಂಬಾ ಉಪಕಾರ ಆಯ್ತು. ಡಿಸ್ಕ್ ನೋಡಿದೆ, ಎರಡೂ ಸೊನ್ನೆ, ಸದ್ದು ಫ್ಯಾನಿನದೇ. ಪೂರ್ತಿ ನಕಲು ಮುಗಿದಿದೆ, ಗೂಗಲ್ ಫೋಲ್ಡರ್ ಸಮೇತ. ಎರಡು ಪ್ರಶ್ನೆ ಇದೆ. ಅಪ್ಪ ಪಿಕಾಸಾದಲ್ಲಿ ‘ತಾತನ ಕಾಲದ್ದು’, ‘ಗೊರೂರು ಡ್ಯಾಂ ಕಟ್ಟುವಾಗ’ ಅಂತೆಲ್ಲ ಆಲ್ಬಂ ಮಾಡಿದ್ದಾರೆ, ಬೇರೆ ಬೇರೆ ಫೋಲ್ಡರಿನ ಫೋಟೋ ಸೇರಿಸಿ. ಅವು ಬರುತ್ತಾ? ಮತ್ತೆ ಹಳೇ ಸ್ಕ್ಯಾನುಗಳ ಬಣ್ಣ ತಿದ್ದಿದ್ದಾರೆ, ಅದು?

ಏಲಕ್ಕಿಬನ, ಮೂಡಿಗೆರೆ

ಆಲ್ಬಂ ಹಾಗೇ ಬರುವುದಿಲ್ಲ, ಅದು ಪಿಕಾಸಾದ ಒಳಗಿನ ಪಟ್ಟಿ. ಆದರೆ ದಾರಿ ಇದೆ. ಆಲ್ಬಂ ತೆರೆದು, ಎಲ್ಲಾ ಫೋಟೋ ಆಯ್ದುಕೊಂಡು, ಕಂಟ್ರೋಲ್ ಟಿ ಒತ್ತಿ ಆಲ್ಬಂ ಹೆಸರನ್ನೇ ಟ್ಯಾಗ್ ಆಗಿ ಕೊಡಿ. ಟ್ಯಾಗ್ ಜೆಪೆಗ್ ಫೈಲಿನ ಒಳಗೆ ಬರೆಯಲ್ಪಡುತ್ತದೆ. ಡಿಜಿಕ್ಯಾಮ್‌ನಲ್ಲಿ ಆ ಟ್ಯಾಗ್ ಒತ್ತಿದರೆ ಅದೇ ಫೋಟೋಗಳು ಒಟ್ಟಿಗೆ ಬರುತ್ತವೆ. ಫೋಟೋ ಕೆಳಗೆ ಬರೆದ ಒಕ್ಕಣೆ ಇದ್ದರೆ ಅದೂ ಜೆಪೆಗ್‌ನ ಒಳಗೇ ಇರುತ್ತದೆ.

ಬಣ್ಣ ತಿದ್ದಿದ್ದು ‘ಸೇವ್’ ಒತ್ತುವವರೆಗೂ ಬರೀ ಸೂಚನೆಯಾಗಿ ಐಎನ್‌ಐ ಫೈಲಿನಲ್ಲಿರುತ್ತದೆ. ಬೇರೆ ತಂತ್ರಾಂಶದಲ್ಲಿ ತೆರೆದರೆ ಹಳೇ ಮಾಸಿದ ಬಣ್ಣವೇ ಕಾಣುವುದು. ಹಳೇ ಮೆಷಿನ್‌ನಲ್ಲಿದ್ದಾಗಲೇ ಆ ಫೋಲ್ಡರುಗಳಿಗೆ ಸೇವ್ ಕೊಡಿ. ತಿದ್ದದ ಮೂಲ ಫೋಟೋವನ್ನು ಪಿಕಾಸಾ ಅದೇ ಫೋಲ್ಡರಿನೊಳಗೆ ಪಿಕಾಸಾ-ಒರಿಜಿನಲ್ಸ್ ಅನ್ನುವ ಅಡಗಿದ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಅದನ್ನೂ ತನ್ನಿ. ವಿಡಿಯೋಗಳ ಒಳಗೆ ಮಾತ್ರ ಈ ಹೆಸರು, ಟ್ಯಾಗ್ ಕೂರುವುದಿಲ್ಲ. ಅವಕ್ಕೆ ಫೈಲಿನ ಹೆಸರೇ ಗತಿ.

ತಂಬೂರಿಶ್ರುತಿ, ಅರಕಲಗೂಡು

ಹಾಡಿನ ಬಗ್ಗೆ ನಾನು ಹೇಳ್ತೇನೆ. ರುದ್ರಪಟ್ಟಣದ ಕಡೆಯವನು, ಮನೆ ತುಂಬ ಕಚೇರಿ ರೆಕಾರ್ಡಿಂಗ್.

ಐಟ್ಯೂನ್ಸ್‌ನಲ್ಲೂ ಕಥೆ ಅದೇ. ಹಾಡಿನ ಹೆಸರು, ಹಾಡಿದವರು, ಆಲ್ಬಂ ಇವು ಎಂಪಿ3 ಒಳಗಿನ ಟ್ಯಾಗಿನಲ್ಲಿರುತ್ತೆ. ಪ್ಲೇಲಿಸ್ಟ್, ಅದರ ಕ್ರಮ, ಎಷ್ಟು ಸಲ ಕೇಳಿದ್ದು, ಕೊಟ್ಟ ನಕ್ಷತ್ರ ಇವೆಲ್ಲ ಐಟ್ಯೂನ್ಸ್ ಲೈಬ್ರರಿ ಅನ್ನೋ ಐಟಿಎಲ್ ಫೈಲಿನಲ್ಲಿ. ಆ ಫೈಲು ಒಂದೊಂದು ಹಾಡಿನ ಪೂರ್ತಿ ವಿಳಾಸ ಬರೆದಿಟ್ಟುಕೊಂಡಿರುತ್ತೆ, ಡಿ ಡ್ರೈವ್, ಇಂಥ ಫೋಲ್ಡರ್ ಅಂತ. ಹೊಸ ಲ್ಯಾಪ್‌ಟಾಪಲ್ಲಿ ಡಿ ಡ್ರೈವೇ ಇಲ್ಲದಿದ್ದರೆ ಪ್ರತಿ ಹಾಡಿನ ಮುಂದೂ ಆಶ್ಚರ್ಯಸೂಚಕ ಚಿಹ್ನೆ ಬರುತ್ತೆ, ಹಾಡು ಸಿಗ್ತಿಲ್ಲ ಅಂತ.

ಅದಕ್ಕೆ ಹಳೇ ಮೆಷಿನ್‌ನಲ್ಲೇ ಮೊದಲು ಫೈಲ್ ಮೆನುವಿನ ಲೈಬ್ರರಿ ಒಳಗೆ ಆರ್ಗನೈಸ್ ಲೈಬ್ರರಿ ಒತ್ತಿ, ಕನ್ಸಾಲಿಡೇಟ್ ಫೈಲ್ಸ್‌ಗೆ ಗುರುತು ಹಾಕಿ. ಅಲ್ಲಿ ಇಲ್ಲಿ ಚದುರಿದ ಹಾಡೆಲ್ಲದರ ಒಂದು ಪ್ರತಿ ಐಟ್ಯೂನ್ಸ್ ಮೀಡಿಯಾ ಫೋಲ್ಡರಿಗೆ ಬಂದು ಸೇರುತ್ತೆ. ಪ್ರತಿ ಮಾಡುತ್ತೆ, ಸ್ಥಳಾಂತರ ಮಾಡಲ್ಲ, ಹಾಗಾಗಿ ಡಿಸ್ಕಿನಲ್ಲಿ ಜಾಗ ಇರಬೇಕು. ಆಮೇಲೆ ಐಟ್ಯೂನ್ಸ್ ಮುಚ್ಚಿ, ಮ್ಯೂಸಿಕ್ ಒಳಗಿನ ಐಟ್ಯೂನ್ಸ್ ಫೋಲ್ಡರನ್ನ ಇಡಿಯಾಗಿ ಎತ್ತಿ ಹೊಸದರ ಮ್ಯೂಸಿಕ್ ಒಳಗೆ ಇಡಿ. ಹೊಸದರಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ಐಟ್ಯೂನ್ಸ್ ತೆರೆದರೆ ಯಾವ ಲೈಬ್ರರಿ ಅಂತ ಕೇಳುತ್ತೆ, ಆ ಐಟಿಎಲ್ ತೋರಿಸಿ. ಪ್ಲೇಲಿಸ್ಟ್ ಕ್ರಮ ಇದ್ದ ಹಾಗೇ ಬರುತ್ತೆ.

ಆದರೂ ಸೋಬಾನೆ ಪದಗಳ ಕ್ರಮವನ್ನ ಒಂದು ತಂತ್ರಾಂಶದ ಮೇಲೆ ಬಿಡಬೇಡಿ ಅನ್ನೋದು ನನ್ನ ಕೋರಿಕೆ. ಆ ಹಾಡು ಅಂಗಡಿಯಲ್ಲಿ ಸಿಗೋದಲ್ಲ. ಫೈಲಿನ ಹೆಸರಿಗೇ ಮುಂದೆ 01, 02 ಅಂತ ಅಂಕಿ ಕೊಡಿ. ಟ್ಯಾಗಿನ ಟ್ರ್ಯಾಕ್ ನಂಬರಿನಲ್ಲೂ ಹಾಕಿ. ಕಾಮೆಂಟ್ಸ್ ಜಾಗದಲ್ಲಿ ಯಾರು ಹಾಡಿದ್ದು, ಯಾರ ಮದುವೆ, ಯಾವ ಊರು, ಯಾವ ಶಾಸ್ತ್ರಕ್ಕೆ ಅಂತ ಬರೆಯಿರಿ. ಎಂಪಿ3 ಟ್ಯಾಗಿನ ಮಾದರಿಗೆ ಐಡಿ3 ಅಂತಾರೆ, ಅದರ ಹಳೇ ಮೊದಲ ಆವೃತ್ತಿಯಲ್ಲಿ ಮೂವತ್ತೇ ಅಕ್ಷರ, ಕನ್ನಡ ಕೂರಲ್ಲ. 2.3 ಅಥವಾ 2.4 ಇದ್ದರೆ ಕನ್ನಡ ಚೆನ್ನಾಗಿ ಕೂರುತ್ತೆ.

ಕ್ಯಾಸೆಟ್ಟಿಂದ ಇಳಿಸಿದ್ದು ಯಾವ ರೂಪದಲ್ಲಿದೆ? ವೇವ್ ಆದರೆ ನಿಮಿಷಕ್ಕೆ ಹತ್ತು ಎಂಬಿ, ಅರವತ್ತು ನಿಮಿಷದ ಕ್ಯಾಸೆಟ್ಟಿಗೆ 600 ಎಂಬಿ. ವೇವ್‌ನಲ್ಲಿ ಹಾಕಿದ ಟ್ಯಾಗನ್ನ ಎಲ್ಲಾ ತಂತ್ರಾಂಶವೂ ಓದೋದಿಲ್ಲ. ಫ್ಲ್ಯಾಕ್‌ಗೆ ಬದಲಿಸಿದರೆ ಒಂದು ಸ್ವರವೂ ಕಳೆಯದೆ ಗಾತ್ರ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತೆ, ಕನ್ನಡ ಟ್ಯಾಗೂ ನಿಲ್ಲುತ್ತೆ. ಐಟ್ಯೂನ್ಸ್ ಫ್ಲ್ಯಾಕ್ ನುಡಿಸಲ್ಲ, ಅದನ್ನೇ ಬಳಸೋದಾದರೆ ಆಪಲ್ ಲಾಸ್‌ಲೆಸ್ ಮಾಡಿ. ಎಂಪಿ3 ಮಾಡಿ ಮೂಲ ಅಳಿಸೋದು ಮಾತ್ರ ಬೇಡ. ಎಂಪಿ3ಯಲ್ಲಿ ಬಿಟ್ಟುಹೋದ ನಾದ ಮತ್ತೆ ಬರಲ್ಲ, ಕ್ಯಾಸೆಟ್ ಟೇಪು ನಮ್ಮ ಕಡೆ ತೇವಕ್ಕೆ ಬೂಸ್ಟು ಹಿಡಿದು ಹೋಗಿರುತ್ತೆ.

ದ್ವಾರಸಮುದ್ರ, ಹಾಸನ

ವೇವ್ ಇದೆ ಸಾರ್. ಯಾವ ಶಾಸ್ತ್ರದ್ದು ಅನ್ನೋದನ್ನ ಅಮ್ಮನ ಹತ್ತಿರ ಕೂತು ಬರೆಸಿಕೊಳ್ತೇನೆ. ಅವರಿಗೆ ಒಂದೊಂದು ಪದವೂ ಬಾಯಿಗೆ ಬರುತ್ತೆ.

ತುಂಗಾತೀರ, ಶೃಂಗೇರಿ

ಒಂದು ಎಚ್ಚರಿಕೆ ಸೇರಿಸುತ್ತೇನೆ, ಕನ್ನಡದಲ್ಲಿ ಫೋಲ್ಡರ್ ಹೆಸರು ಇಡುವವರಿಗೆ. ಮನೆಯಲ್ಲಿ ಯಾರ ಹತ್ತಿರವಾದರೂ ಮ್ಯಾಕ್ ಇದ್ದು, ಅಲ್ಲಿಗೂ ಇಲ್ಲಿಗೂ ಫೋಟೋ ಓಡಾಡಿದ್ದರೆ ‘ಶ್ರವಣಬೆಳಗೊಳ’ ಅನ್ನುವ ಫೋಲ್ಡರ್ ಒಂದೇ ಜಾಗದಲ್ಲಿ ಎರಡು ಕಾಣಬಹುದು. ಓದುವುದಕ್ಕೆ ಅಕ್ಷರಶಃ ಒಂದೇ. ಕಾರಣ ಏನೆಂದರೆ ಯೂನಿಕೋಡ್‌ನಲ್ಲಿ (ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿ) ‘ಗೊ’ದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಎರಡನ್ನು ಜೋಡಿಸಿಯೂ ಬರೆಯಬಹುದು. ದೀರ್ಘದ ಈತ್ವ, ಏತ್ವ, ಓತ್ವ, ಐತ್ವಕ್ಕೂ ಹೀಗೇ. ಮ್ಯಾಕ್‌ನ ಹಳೇ ಡಿಸ್ಕ್ ವ್ಯವಸ್ಥೆ ಹೆಸರನ್ನು ಬಿಡಿಸಿ ಇಡುತ್ತದೆ. ವಿಂಡೋಸ್ ತನಗೆ ಹೇಗೆ ಬಂತೋ ಹಾಗೆ ಇಡುತ್ತದೆ, ಎರಡನ್ನೂ ಬೇರೆ ಬೇರೆ ಹೆಸರೆಂದೇ ಎಣಿಸುತ್ತದೆ. ಎರಡಿದೆಯಲ್ಲ ಅಂತ ಒಂದನ್ನು ಅಳಿಸಬೇಡಿ, ಒಳಗಿನ ಫೋಟೋ ಬೇರೆ ಬೇರೆ ಇರಬಹುದು. ತೆರೆದು ನೋಡಿ, ಸೇರಿಸಿ, ವಿಂಡೋಸ್‌ನಲ್ಲೇ ಹೆಸರನ್ನು ಮತ್ತೊಮ್ಮೆ ಟೈಪ್ ಮಾಡಿ.

ಎಕ್ಸ್‌ಟರ್ನಲ್ ಡಿಸ್ಕನ್ನು ವಿಂಡೋಸ್, ಮ್ಯಾಕ್ ಎರಡು ಕಡೆಯೂ ಬಳಸುವುದಾದರೆ ಎಕ್ಸ್‌ಫ್ಯಾಟ್ ಅನ್ನುವ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಆದರೆ 4 ಜಿಬಿ ಮೀರಿದ ಒಂದು ಫೈಲೂ ಹಿಡಿಯುವುದಿಲ್ಲ, ಮದುವೆಯ ವಿಡಿಯೋಗಳೆಲ್ಲ ಹೊರಗೇ ಉಳಿಯುತ್ತವೆ.

ರಿಪೇರಿಮೇಜು, ಹಾಸನ

ಹೊಸ ಲ್ಯಾಪ್‌ಟಾಪಿನ ಕಡೆ ಎರಡು ವಿಷಯ. ಪಿಕ್ಚರ್ಸ್ ಫೋಲ್ಡರ್ ಎಷ್ಟೋ ಸಲ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಕ್ಲೌಡ್) ಒಳಗೇ ಕೂತಿರುತ್ತೆ. ಅಲ್ಲಿ ಉಚಿತ ಜಾಗ 5 ಜಿಬಿ. 380 ಜಿಬಿ ಅಲ್ಲಿ ಸುರಿದ್ರೆ ತುಂಬಿತು ತುಂಬಿತು ಅಂತ ಕೂಗ್ತಾ ಇರುತ್ತೆ, ನೆಟ್ಟೂ ಖಾಲಿ. ಸಿ ಡ್ರೈವಿನ ನೇರ ಕೆಳಗೆ ಬೇರೆ ಫೋಲ್ಡರ್ ಮಾಡಿ ಅಲ್ಲಿಡಿ. ಹೆಸರೂ ಚಿಕ್ಕದಿರ್ಲಿ, ಯಾಕಂದ್ರೆ ಫೋಲ್ಡರ್ ಒಳಗೆ ಫೋಲ್ಡರ್ ಆಗಿ ವಿಳಾಸ 260 ಅಕ್ಷರ ಮೀರಿದ್ರೆ ವಿಂಡೋಸ್ ಕಾಪಿ ಮಧ್ಯದಲ್ಲಿ ನಿಲ್ಲುತ್ತೆ. ಎರಡನೇದು, ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರಬಹುದು, ಅಂದ್ರೆ ಕೀ ಇಲ್ದೆ ಓದೋಕಾಗದ ಹಾಗೆ ಬೀಗ ಬಿದ್ದಿರಬಹುದು. ಆ ಬೀಗದ ಹೆಸರು ಬಿಟ್‌ಲಾಕರ್, ಅದರ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯಾ ನೋಡಿ, 48 ಅಂಕಿ, ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಮುಂದೆ ಬೋರ್ಡ್ ಹೋದಾಗ ಆ ಕೀ ಇಲ್ದೆ ನಮ್ಮಂಥೋರ ಹತ್ರ ತಂದ್ರೂ ಏನೂ ಮಾಡೋಕಾಗಲ್ಲ.

ಕಾಪಿಗೆ ರೋಬೋಕಾಪಿ ಬಳಸಿ, ವಿಂಡೋಸ್ ಜತೆಗೇ ಬರುತ್ತೆ. ಮಧ್ಯೆ ಕರೆಂಟ್ ಹೋಗಿ ನಿಂತರೆ ಮತ್ತೆ ಅದೇ ಆಜ್ಞೆ ಕೊಡಿ, ಆಗಿರೋದನ್ನ ಬಿಟ್ಟು ಉಳಿದದ್ದನ್ನ ಮಾತ್ರ ತರುತ್ತೆ. ಎಂಐಆರ್ ಅನ್ನೋ ಸ್ವಿಚ್ ಮಾತ್ರ ಹಾಕಬೇಡಿ, ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಆ ಕಡೆ ಅಳಿಸಿಬಿಡುತ್ತೆ. ಆಜ್ಞೆ ಟೈಪ್ ಮಾಡೋದು ಬೇಡ ಅನ್ನೋರಿಗೆ ಟೆರಾಕಾಪಿ ಇದೆ, ವೆರಿಫೈ ಒತ್ತಿದ್ರೆ ಪ್ರತಿ ಫೈಲನ್ನೂ ಮೂಲದ ಜತೆ ತಾಳೆ ನೋಡುತ್ತೆ. ಫೋಲ್ಡರ್ ಎರಡರ ಗಾತ್ರ ಒಂದೇ ಇದೆ ಅಂತ ಬಿಡಬೇಡಿ. ಗಾತ್ರ ಸರಿ ಇದ್ದು ಒಳಗೆ ಕೆಟ್ಟ ಫೋಟೋ ಮೇಜಿನ ಮೇಲೆ ಬೇಕಾದಷ್ಟು ನೋಡಿದ್ದೀನಿ, ಅರ್ಧ ಚಿತ್ರ, ಕೆಳಗೆ ಬರೀ ಬೂದು ಬಣ್ಣ.

ದ್ವಾರಸಮುದ್ರ, ಹಾಸನ

ವರದಿ ಕೊಡ್ತಿದ್ದೇನೆ. ಒಂದು ಫೋಲ್ಡರಿಗೆ ಪ್ರಯೋಗ ಮಾಡಿ, ಹೆಸರು ಬಂತು ಅಂತ ಖಾತ್ರಿಯಾದ ಮೇಲೆ ಉಳಿದದ್ದಕ್ಕೆಲ್ಲ ಬರೆಸಿದೆ. ಡಿಜಿಕ್ಯಾಮ್ ತೆರೆದು ಅಪ್ಪನ ಸೋದರಮಾವನ ಹೆಸರು ಒತ್ತಿದಾಗ ಅವರಿರೋ ಫೋಟೋ ಎಲ್ಲಾ ಸಾಲಾಗಿ ಬಂದು ನಿಂತವು. ಅಪ್ಪನನ್ನ ಕರೆದು ಪರದೆ ದೊಡ್ಡದು ಮಾಡಿ ತೋರಿಸಿದೆ. ಆಲ್ಬಂಗಳಿಗೆ ಟ್ಯಾಗ್ ಹಾಕಿದ್ದಾಯ್ತು, ಪ್ಲೇಲಿಸ್ಟೂ ಕ್ರಮವಾಗಿ ಬಂದಿದೆ.

ಹೊಸದಾಗಿ ಕಂಡ ತೊಂದರೆ ತಾರೀಕಿನದು. 1970ರ ದಶಕದ ಮದುವೆ ಫೋಟೋ ಎಲ್ಲಾ ಸ್ಕ್ಯಾನ್ ಮಾಡಿದ ವರ್ಷದಲ್ಲಿ ಕೂತಿದೆ. ವಾಟ್ಸಾಪಿನಲ್ಲಿ ಬಂದ 2018ರ ಮಸ್ತಕಾಭಿಷೇಕದ ಫೋಟೋ ಎಲ್ಲಾ ಕಾಪಿ ಮಾಡಿದ ದಿನದ್ದು ಅಂತ ತೋರಿಸ್ತಿದೆ.

ಏಲಕ್ಕಿಬನ, ಮೂಡಿಗೆರೆ

ಬಹಳ ಸಂತೋಷ ಆಯಿತು.

ಕ್ಯಾಮೆರಾ ತೆಗೆದ ಫೋಟೋಗೆ ತಾರೀಕು ಎಕ್ಸಿಫ್‌ನಲ್ಲಿ, ಅಂದರೆ ಕ್ಯಾಮೆರಾ ಫೈಲಿನಲ್ಲಿ ಬರೆಯುವ ಮಾಹಿತಿಯಲ್ಲಿ, ಒಳಗೇ ಇರುತ್ತದೆ, ಕಾಪಿ ಮಾಡಿದರೂ ಹೋಗುವುದಿಲ್ಲ. ವಾಟ್ಸಾಪ್ ಕಳಿಸುವಾಗ ಅದನ್ನು ಕಿತ್ತುಹಾಕುತ್ತದೆ, ಆದರೆ ಫೈಲಿನ ಹೆಸರಿನಲ್ಲೇ 20180217 ಅಂತ ವರ್ಷ, ತಿಂಗಳು, ದಿನ ಇರುತ್ತದೆ. ಅದು ಬಂದ ದಿನ, ತೆಗೆದ ದಿನವಲ್ಲ, ಆದರೂ ಹತ್ತಿರದ್ದು. ಡಿಜಿಕ್ಯಾಮ್‌ನ ಟೈಮ್ ಅಡ್ಜಸ್ಟ್ ಆ ಹೆಸರಿನಿಂದಲೇ ತಾರೀಕು ಎತ್ತಿಕೊಂಡು ಒಳಗೆ ಬರೆಯುತ್ತದೆ. ಸ್ಕ್ಯಾನಿಗೆ ಕೈಯಿಂದಲೇ ಕೊಡಬೇಕು. ದಿನ ಗೊತ್ತಿಲ್ಲದಿದ್ದರೆ ಆ ವರ್ಷದ ಜನವರಿ 1 ಹಾಕಿ, ಟಿಪ್ಪಣಿಯಲ್ಲಿ ‘ಅಂದಾಜು’ ಅಂತ ಬರೆಯಿರಿ. ಬರೆಯದಿದ್ದರೆ ನಿಮ್ಮ ಮಕ್ಕಳು ಅದನ್ನೇ ನಿಜವಾದ ತಾರೀಕು ಅಂದುಕೊಳ್ಳುತ್ತಾರೆ.

ಹೆಸರಿಲ್ಲದ ಮುಖಗಳು ಇನ್ನೂ ಇರುತ್ತವಲ್ಲ, ಅವನ್ನು ತಂದೆಯವರ ಜತೆ ಈಗಲೇ ಮುಗಿಸಿ. ಕಣ್ಣು ಮಂಜಾಗಿದ್ದರೆ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ದೊಡ್ಡದಾಗಿ ತೋರಿಸಿ. ಪಕ್ಕದಲ್ಲಿ ಫೋನಿನ ರೆಕಾರ್ಡರ್ ಆನ್ ಇರಲಿ. ಹೆಸರು ಕೇಳಿದರೆ ಅವರು ಹೆಸರಷ್ಟೇ ಹೇಳುವುದಿಲ್ಲ, ಯಾರ ಮಗ, ಯಾವ ಮನೆಗೆ ಕೊಟ್ಟಿದ್ದು, ಆ ಫೋಟೋ ತೆಗೆದ ದಿನ ಯಾರು ಯಾಕೆ ಬಂದಿರಲಿಲ್ಲ ಎಲ್ಲ ಬರುತ್ತದೆ. ಆ ಧ್ವನಿ ಫೈಲನ್ನು ಅದೇ ಫೋಲ್ಡರಿನಲ್ಲಿ, ಅದೇ ಹೆಸರಿನಲ್ಲಿ ಇಡಿ. ಒಮ್ಮೆಗೆ ಅರ್ಧ ಗಂಟೆ ಸಾಕು, ದಣಿಸಬೇಡಿ.

ದ್ವಾರಸಮುದ್ರ, ಹಾಸನ

ಖಂಡಿತ ಮೇಡಂ, ಈ ಭಾನುವಾರವೇ ಶುರು. ಕೊನೆಯದಾಗಿ ಒಂದು. ಕ್ಯಾಸೆಟ್ಟುಗಳ ಪಟ್ಟಿಯನ್ನ ಅಪ್ಪ ಹಿಂದೆ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಇಟ್ಟಿದ್ದರು. ಹೊಸದರಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿಕೊಂಡು ಬರ್ತಿದೆ.

ರಿಪೇರಿಮೇಜು, ಹಾಸನ

ಫೈಲ್ ಕೆಟ್ಟಿಲ್ಲ ಸಾರ್. ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನ ಕೂರಿಸ್ತಿತ್ತು. ಫಾಂಟ್ ಇಲ್ಲದ ಕಡೆ ಹಿಂದಿನ ಇಂಗ್ಲಿಷ್ ಅಕ್ಷರ ಕಾಣುತ್ತೆ. ಹಳೇ ಮೆಷಿನ್‌ನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ನುಡಿ ಫಾಂಟ್ ಫೈಲುಗಳನ್ನ ತಂದು ಹೊಸದರಲ್ಲಿ ಹಾಕಿ, ಆಗ ಓದೋಕೆ ಬರುತ್ತೆ. ಆಮೇಲೆ ನುಡಿಯಿಂದ ಯೂನಿಕೋಡಿಗೆ ಬದಲಿಸೋ ಪರಿವರ್ತಕದಲ್ಲಿ ಹಾಕಿ ಹೊಸ ಪ್ರತಿ ಮಾಡ್ಕೊಳ್ಳಿ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ತಪ್ಪಬಹುದು, ಮೂಲದ ಜತೆ ಒಮ್ಮೆ ಸಾಲು ಸಾಲು ಓದಿ ನೋಡಿ. ಯೂನಿಕೋಡ್ ಆದ ಮೇಲೆ ಆ ಪಟ್ಟಿಯಿಂದಲೇ ನಕಲು ಮಾಡಿ ಹಾಡಿನ ಟ್ಯಾಗಿಗೆ ಅಂಟಿಸಬಹುದು.

ಹಳೇ ಡಿಸ್ಕನ್ನ ಫಾರ್ಮ್ಯಾಟ್ ಮಾಡೋಕೆ ಹೋಗಬೇಡಿ. ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಎಕ್ಸ್‌ಟರ್ನಲ್ ಡಿಸ್ಕಿಗೆ ಹೆಸರು ಬರೆದಾದ ಮೇಲಿನ ಹೊಸ ಪ್ರತಿಯನ್ನೂ ಬೇರೆ ಫೋಲ್ಡರಾಗಿ ಸೇರಿಸಿ, ಬೇರೆ ಊರಲ್ಲಿರೋ ನೆಂಟರ ಮನೆಗೆ ಕೊಟ್ಟುಬಿಡಿ.

ದ್ವಾರಸಮುದ್ರ, ಹಾಸನ

ಅಕ್ಕ ಚಿಕ್ಕಮಗಳೂರಲ್ಲಿದ್ದಾಳೆ, ಅವಳಿಗೇ ಕೊಡ್ತೇನೆ. ನುಡಿ ಫಾಂಟ್ ಹಾಕಿದೆ, ಪಟ್ಟಿ ಓದೋಕೆ ಬರ್ತಿದೆ. ಅದರಲ್ಲಿ ನಾವು ಇನ್ನೂ ಇಳಿಸದೇ ಇರೋ ಮೂರು ಕ್ಯಾಸೆಟ್ಟಿನ ಹೆಸರಿದೆ, ಅಟ್ಟದ ಮೇಲೆ ಹುಡುಕಬೇಕು. ತಂಬೂರಿಶ್ರುತಿ ಸಾರ್, ಸಿಕ್ಕಿದರೆ ಬೂಸ್ಟು ಹಿಡಿದ ಟೇಪಿನ ಬಗ್ಗೆ ನಿಮ್ಮನ್ನೇ ಕೇಳ್ತೇನೆ.

ತಂಬೂರಿಶ್ರುತಿ, ಅರಕಲಗೂಡು

ಕೇಳಿ. ಸಿಕ್ಕ ತಕ್ಷಣ ಪ್ಲೇಯರಿಗೆ ಹಾಕಬೇಡಿ, ಬೂಸ್ಟಿನ ಪುಡಿ ಹೆಡ್ಡಿಗೆ ಅಂಟಿ ಟೇಪು ಸಿಕ್ಕಿಕೊಳ್ಳುತ್ತೆ. ಬೆಳಕಿನಲ್ಲಿ ಹಿಡಿದು ಒಂದು ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೇನೆ.